ಶಾಲೆಯ ಸ್ಮರಣ ಸಂಚಿಕೆಗೆ ಪಿಡಿಎಫ್ ತೆಗೆಯುವಾಗ ಯಾವ ಸೆಟ್ಟಿಂಗ್ ಇಡಬೇಕು? ಅನುಭವ ಹಂಚಿಕೆ

ಕೇಳಿದವರು, ಚಿಂತಾಮಣಿ ತಾಲ್ಲೂಕಿನ ಶಿಕ್ಷಕರು:

ನಮ್ಮ ಹಳ್ಳಿಯ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಅದಕ್ಕಾಗಿ ಡೆಮಿ 1/8 ಅಳತೆಯಲ್ಲಿ, ಅಂದರೆ ಸಾಮಾನ್ಯ ಪುಸ್ತಕದ ಗಾತ್ರದಲ್ಲಿ, ಒಂದು ಸ್ಮರಣ ಸಂಚಿಕೆಯನ್ನು ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಜೋಡಿಸಿದ್ದೇನೆ. ಒಳಪುಟಗಳು ಕಪ್ಪು ಬಿಳುಪು, ಮುಖಪುಟ ಮತ್ತು ನಡುವಿನ ಕೆಲವು ಪುಟಗಳು ಬಣ್ಣದವು. ಕೈವಾರ ತಾತಯ್ಯನವರ ತೆಲುಗು ಕೀರ್ತನೆಗಳ ಕೆಲವು ಸಾಲುಗಳೂ ಇವೆ. ಪ್ರೆಸ್ಸಿಗೆ ಕಳುಹಿಸಿದ ಪಿಡಿಎಫ್‌ನ ಕರಡಚ್ಚಿನಲ್ಲಿ ಕೆಲವೆಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದಿವೆ, ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತಿದೆ, ಹಳೆಯ ಫೋಟೋಗಳು ಮಸುಕಾಗಿವೆ. ಎಕ್ಸ್‌ಪೋರ್ಟ್ ಮಾಡುವಾಗ ಏನನ್ನು ಬದಲಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಿಕೊಡಬೇಕಾಗಿ ವಿನಂತಿ.

ತುಮಕೂರಿನಿಂದ, ಪುಟವಿನ್ಯಾಸದ ಕೆಲಸದಲ್ಲಿರುವವರು:

ಮೇಷ್ಟ್ರೇ, ತಾವು ಹೇಳಿದ ಮೂರು ತೊಂದರೆಗಳಲ್ಲಿ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪೂರ್ತಿಯಾಗಿ ಸರಿಹೋಗುವಂಥದ್ದು ಒಂದೂ ಇಲ್ಲ. ಕಡತದೊಳಗೆ ಏನಿದೆಯೋ ಅದನ್ನೇ ಆ ಕಿಟಕಿ ಪಿಡಿಎಫ್‌ಗೆ ಸಾಗಿಸುತ್ತದೆ. ಆದ್ದರಿಂದ ಮೊದಲು ಕಡತವನ್ನು ಸರಿಪಡಿಸುವ ಬಗೆಯನ್ನು ಹೇಳಿ, ಆಮೇಲೆ ಸೆಟ್ಟಿಂಗ್‌ಗಳಿಗೆ ಬರುತ್ತೇನೆ.

ಒತ್ತಕ್ಷರ ಒಡೆಯುವುದಕ್ಕೆ ಕಾರಣ ಬಹುಮಟ್ಟಿಗೆ ಕಂಪೋಸರ್, ಅಂದರೆ ತಂತ್ರಾಂಶದೊಳಗೆ ಅಕ್ಷರಗಳನ್ನು ಸಾಲಾಗಿ ಜೋಡಿಸುವ ಭಾಗ. ಇನ್‌ಡಿಸೈನ್‌ನಲ್ಲಿ ಲ್ಯಾಟಿನ್ ಲಿಪಿಗೆಂದು ಇರುವ ಸಾಮಾನ್ಯ ಪ್ಯಾರಾಗ್ರಾಫ್ ಕಂಪೋಸರ್‌ಗೆ ಕನ್ನಡದ ಅಕ್ಷರಗಳನ್ನು ಕೂಡಿಸಲು ಬರುವುದಿಲ್ಲ. ಅದು ವ್ಯಂಜನದ ಮುಂದೆ ಅರ್ಧಾಕ್ಷರದ ಚಿಹ್ನೆಯನ್ನು ಹಾಕಿ, ಒತ್ತಾಗಬೇಕಾದ ಅಕ್ಷರವನ್ನು ಪಕ್ಕದಲ್ಲಿ ಪೂರ್ಣಾಕ್ಷರವಾಗಿಯೇ ನಿಲ್ಲಿಸಿಬಿಡುತ್ತದೆ. ಅದರ ಬದಲು ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ದುಕೊಳ್ಳಬೇಕು. ತಮ್ಮ ಪುಸ್ತಕದಲ್ಲಿ ಕೆಲವೆಡೆ ಮಾತ್ರ ತಪ್ಪಿದೆ ಎಂದಿದ್ದೀರಿ. ಬೇರೆ ಬೇರೆಯವರಿಂದ ಬಂದ ಲೇಖನಗಳನ್ನು ಅಂಟಿಸಿದಾಗ ಅವುಗಳ ಜೊತೆಗೇ ಹಳೆಯ ಪ್ಯಾರಾಗ್ರಾಫ್ ಸ್ಟೈಲ್ ಕೂಡ ಬಂದು ಸೇರಿಕೊಂಡಾಗ ಹೀಗಾಗುವುದುಂಟು. ಹಾಗಾಗಿ ಆಯ್ದ ಸಾಲುಗಳಿಗೆ ಕಂಪೋಸರ್ ಬದಲಿಸುತ್ತ ಹೋಗುವುದಕ್ಕಿಂತ, ತಾವು ಬಳಸುವ ಪ್ರತಿಯೊಂದು ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲಿಯೇ ಅದನ್ನು ಬದಲಿಸಿ, ಮಿಕ್ಕ ಸ್ಟೈಲ್‌ಗಳನ್ನು ಅಳಿಸಿಹಾಕುವುದು ಮೇಲು.

ತೆಲುಗು ಸಾಲುಗಳಿಗೆ ಬೇರೆಯದೇ ಕ್ಯಾರೆಕ್ಟರ್ ಸ್ಟೈಲ್ ಮಾಡಿ, ನೋಟೋ ಸೆರಿಫ್ ತೆಲುಗು ಅಥವಾ ಅಂಥ ಒಂದು ತೆಲುಗು ಫಾಂಟ್ ಕೊಡಿ. ಎರಡೂ ಲಿಪಿಗಳು ಕಣ್ಣಿಗೆ ಹತ್ತಿರವೆನಿಸಿದರೂ ಯೂನಿಕೋಡ್‌ನಲ್ಲಿ ಅವುಗಳ ಸ್ಥಾನ ಬೇರೆ. ಕನ್ನಡ ಫಾಂಟ್‌ನಲ್ಲಿ ತೆಲುಗು ಅಕ್ಷರ ಇಲ್ಲದಿದ್ದರೆ ಪರದೆಯ ಮೇಲೆ ಗುಲಾಬಿ ಬಣ್ಣದ ಹಿನ್ನೆಲೆ ಕಾಣುತ್ತದೆ, ಅಚ್ಚಿನಲ್ಲಿ ಖಾಲಿ ಚೌಕಗಳು ಬರುತ್ತವೆ. ನಮ್ಮ ಗಡಿ ಜಿಲ್ಲೆಗಳ ಪುಸ್ತಕಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಬಣ್ಣದ ನೆರಳಿನ ವಿಷಯ ಸ್ವಲ್ಪ ದೊಡ್ಡದು. ವರ್ಡ್ ಕಡತದಿಂದ ತಂದ ಪಠ್ಯದ ಕಪ್ಪು ಅನೇಕ ವೇಳೆ ಆರ್‌ಜಿಬಿ, ಅಂದರೆ ಪರದೆಯ ಬಣ್ಣ ಪದ್ಧತಿಯ ಕಪ್ಪಾಗಿರುತ್ತದೆ. ಅದು ಅಚ್ಚಿನ ನಾಲ್ಕು ಶಾಯಿಗಳ ಪದ್ಧತಿಯಾದ ಸಿಎಂವೈಕೆಗೆ ಬದಲಾಗುವಾಗ ಬರೀ ಕಪ್ಪು ಶಾಯಿಯಾಗಿ ಉಳಿಯದೆ ನಾಲ್ಕು ಶಾಯಿಗಳಿಗೂ ಹಂಚಿಹೋಗುತ್ತದೆ. ಬಹಳ ಕಡೆ ಮೊದಲಿನಿಂದಲೇ ಇರುವ ಸ್ವಾಪ್ ಎಂಬ ಪ್ರೊಫೈಲ್‌ನಲ್ಲಿ (ಬಣ್ಣ ಬದಲಿಸುವ ಲೆಕ್ಕದ ಪಟ್ಟಿಯಲ್ಲಿ) ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ, ಅಂದರೆ ಒಟ್ಟು 300 ಶೇಕಡಾ ಶಾಯಿ. ಹನ್ನೊಂದು ಪಾಯಿಂಟ್‌ನ ಕನ್ನಡ ಅಕ್ಷರದ ಕೆಳಗಿನ ಒತ್ತು ಎಷ್ಟು ಸಣ್ಣದೆಂದು ತಮಗೆ ಗೊತ್ತು. ನಾಲ್ಕು ಪ್ಲೇಟ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಆ ಒತ್ತಿನ ಸುತ್ತ ಕೆಂಪು ಅಥವಾ ನೀಲಿ ಅಂಚು ಎದ್ದು ಕಾಣುತ್ತದೆ. ಇಷ್ಟಲ್ಲದೆ, ಒಂದೇ ಬಣ್ಣದಲ್ಲಿ ಅಚ್ಚಾಗಬೇಕಾದ ಒಳಪುಟಗಳು ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕು ಬಣ್ಣದ ಪುಟಗಳಾಗಿಬಿಡುತ್ತವೆ. ಆದ್ದರಿಂದ ಪಠ್ಯದ ಎಲ್ಲ ಸ್ಟೈಲ್‌ಗಳಿಗೂ ಸ್ವಾಚಸ್ ಪಟ್ಟಿಯಲ್ಲಿರುವ ಬ್ಲ್ಯಾಕ್ ಬಣ್ಣವನ್ನೇ ಕೊಡಬೇಕು. ನೋಡಲು ಅದರಂತೆಯೇ ಇರುವ ರಿಜಿಸ್ಟ್ರೇಶನ್ ಬಣ್ಣವನ್ನು ಪಠ್ಯಕ್ಕೆ ಎಂದೂ ಹಾಕಬಾರದು, ಏಕೆಂದರೆ ಅದು ಎಲ್ಲ ಪ್ಲೇಟ್‌ಗಳ ಮೇಲೂ ನೂರಕ್ಕೆ ನೂರು ಬೀಳುತ್ತದೆ. ವಿಂಡೋ ಮೆನುವಿನ ಔಟ್‌ಪುಟ್ ಕೆಳಗಿರುವ ಸೆಪರೇಶನ್ಸ್ ಪ್ರಿವ್ಯೂ ತೆರೆದು ಕಪ್ಪಿನ ಪಕ್ಕದ ಕಣ್ಣಿನ ಗುರುತನ್ನು ತೆಗೆದಾಗ ಪಠ್ಯ ಪೂರ್ತಿಯಾಗಿ ಮರೆಯಾಗಬೇಕು. ಮರೆಯಾಗದೆ ಉಳಿದ ಸಾಲುಗಳೇ ತಮ್ಮ ಕರಡಚ್ಚಿನಲ್ಲಿ ನೆರಳು ಬಂದ ಸಾಲುಗಳು.

ಫೋಟೋಗಳ ಮಟ್ಟಿಗೆ, ಇಲ್ಲದ ವಿವರವನ್ನು ಯಾವ ಸೆಟ್ಟಿಂಗೂ ಹುಟ್ಟಿಸಲಾರದು. ಲಿಂಕ್ಸ್ ಪಟ್ಟಿಯಲ್ಲಿ ಎಫೆಕ್ಟಿವ್ ಪಿಪಿಐ (ಪುಟದ ಮೇಲಿನ ಗಾತ್ರದಲ್ಲಿ ಪ್ರತಿ ಇಂಚಿಗೆ ಬೀಳುವ ಪಿಕ್ಸೆಲ್ ಸಂಖ್ಯೆ) ನೋಡಿ. 1600 ಪಿಕ್ಸೆಲ್ ಅಗಲದ ಚಿತ್ರ 300 ಪಿಪಿಐ ಲೆಕ್ಕದಲ್ಲಿ ಸುಮಾರು 13.5 ಸೆಂಟಿಮೀಟರ್ ತುಂಬುತ್ತದೆ, ಅಂದರೆ ತಮ್ಮ ಪುಟದ ಅಗಲಕ್ಕೆ ಹೆಚ್ಚುಕಡಿಮೆ ಸಾಕು. ಆದರೆ ಅದೇ ಚಿತ್ರದಲ್ಲಿರುವ ಒಬ್ಬರ ಮುಖವನ್ನಷ್ಟೇ ಕತ್ತರಿಸಿ ಪುಟ ತುಂಬಿಸಿದರೆ ಖಂಡಿತ ಮಸುಕಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದವುಗಳನ್ನು ಬಿಟ್ಟು, ಮನೆಗಳಲ್ಲಿರುವ ಮೂಲ ಫೋಟೋಗಳನ್ನೇ ಸ್ಕ್ಯಾನ್ ಮಾಡಿಸಿ. ಹಳೆಯ ವಿದ್ಯಾರ್ಥಿಗಳ ಗುಂಪು ಚಿತ್ರಗಳನ್ನು 600 ಡಿಪಿಐನಲ್ಲಿ ತೆಗೆಸಿದರೆ ದೊಡ್ಡದು ಮಾಡಲು ಅವಕಾಶ ಉಳಿಯುತ್ತದೆ.

ಇಷ್ಟಾದ ಮೇಲೆ ಎಕ್ಸ್‌ಪೋರ್ಟ್. ಪ್ರೆಸ್ಸಿನವರು ಬೇರೆ ಹೇಳದಿದ್ದರೆ ಅಚ್ಚಿಗೆಂದೇ ಇರುವ ಪಿಡಿಎಫ್ ಮಾದರಿಗಳಲ್ಲಿ ನಾನು ಪಿಡಿಎಫ್/ಎಕ್ಸ್-4 ಆಯ್ದುಕೊಳ್ಳುತ್ತೇನೆ. ಅದು ಪಾರದರ್ಶಕತೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಹಳೆಯ ಯಂತ್ರವ್ಯವಸ್ಥೆಯ ಪ್ರೆಸ್ಸುಗಳು ಪಿಡಿಎಫ್/ಎಕ್ಸ್-1ಎ ಕೇಳುತ್ತವೆ. ಅದರಲ್ಲಿ ಆರ್‌ಜಿಬಿಗೆ ಅವಕಾಶವಿಲ್ಲ, ಪಾರದರ್ಶಕತೆಯೆಲ್ಲ ಚಪ್ಪಟೆಯಾಗುತ್ತದೆ, ಆದ್ದರಿಂದ ನೆರಳಿನ ಅಲಂಕಾರ ಕೊಟ್ಟ ಶೀರ್ಷಿಕೆಗಳನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ. ಪುಟಗಳನ್ನು ಪೇಜಸ್ ಆಗಿಯೇ ಕೊಡಿ, ಸ್ಪ್ರೆಡ್ಸ್ (ಎದುರುಬದುರು ಪುಟಗಳ ಜೋಡಿ) ಬೇಡ. ಹದಿನಾರು ಪುಟಗಳ ಫಾರಂಗಳಾಗಿ ಜೋಡಿಸಿಕೊಳ್ಳುವುದು ಪ್ರೆಸ್ಸಿನವರ ಕೆಲಸ. ಮುಖಪುಟ, ಬೆನ್ನು, ಹಿಂಬದಿ ಮಾತ್ರ ಒಂದೇ ಹಾಳೆಯಾಗಿ ಬೇರೆ ಕಡತದಲ್ಲಿರಲಿ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೆ ಚಾಚುವ ಚಿತ್ರದ ಅಂಚು, ಎಲ್ಲ ಕಡೆಯೂ 3 ಮಿಲಿಮೀಟರ್ ಇಟ್ಟು, ಮಾರ್ಕ್ಸ್ ಅಂಡ್ ಬ್ಲೀಡ್ಸ್ ಭಾಗದಲ್ಲಿ ಯೂಸ್ ಡಾಕ್ಯುಮೆಂಟ್ ಬ್ಲೀಡ್ ಸೆಟ್ಟಿಂಗ್ಸ್ ಗುರುತು ಹಾಕುವುದನ್ನು ಮರೆಯಬೇಡಿ. ಆ ಗುರುತಿಲ್ಲದಿದ್ದರೆ ಕಡತದಲ್ಲಿರುವ ಬ್ಲೀಡ್ ಪಿಡಿಎಫ್‌ಗೆ ಹೋಗುವುದಿಲ್ಲ, ಕಟಿಂಗ್ ಆದ ಮೇಲೆ ಮುಖಪುಟದ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕಂಪ್ರೆಶನ್ ಭಾಗದಲ್ಲಿ 450ಕ್ಕಿಂತ ಹೆಚ್ಚಿರುವ ಚಿತ್ರಗಳು 300ಕ್ಕೆ ಇಳಿಯುವ ವ್ಯವಸ್ಥೆ ಮೊದಲೇ ಇರುತ್ತದೆ, ಅದು ಸರಿಯಾಗಿದೆ. ಬಣ್ಣದ ಪ್ರೊಫೈಲ್ ಯಾವುದೆಂದು ಪ್ರೆಸ್ಸಿನವರನ್ನೇ ಕೇಳಬೇಕು, ಏಕೆಂದರೆ ಅದು ಕಾಗದವನ್ನು ಅವಲಂಬಿಸಿದೆ. ಆರ್ಟ್ ಪೇಪರ್ 300ರಿಂದ 330 ಶೇಕಡಾದವರೆಗೆ ಶಾಯಿ ತಡೆದುಕೊಳ್ಳುತ್ತದೆ, ನ್ಯೂಸ್‌ಪ್ರಿಂಟ್‌ಗೆ 240ರ ಆಸುಪಾಸೇ ಮಿತಿ.

ಕೋಲಾರದಿಂದ, ಸ್ಕ್ರೈಬಸ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರು:

ಮೇಲಿನವರ ವಿವರಣೆಗೆ ನನ್ನದೊಂದು ಸೇರ್ಪಡೆ. ಒತ್ತಕ್ಷರ ಒಡೆದಾಗ ಅನೇಕರು ಕೊಡುವ ಸಲಹೆ ಎಂದರೆ ಎಲ್ಲ ಪಠ್ಯವನ್ನೂ ಕರ್ವ್ಸ್ (ಅಕ್ಷರದ ಬದಲು ಬರೀ ಗೆರೆಯ ಆಕಾರ) ಮಾಡಿಬಿಡಿ ಎಂಬುದು. ಲಗ್ನಪತ್ರಿಕೆ ಅಥವಾ ಫ್ಲೆಕ್ಸ್‌ಗೆ ಅದು ಒಪ್ಪುವ ಮಾತು. ಶಾಲೆಯ ನೂರು ವರ್ಷದ ದಾಖಲೆಗೆ ನಾನು ಅದನ್ನು ಒಪ್ಪಲಾರೆ. ಪಠ್ಯ ಗೆರೆಗಳಾದ ಮೇಲೆ ಆ ಪಿಡಿಎಫ್‌ನಲ್ಲಿ ಯಾವ ವಿದ್ಯಾರ್ಥಿಯ ಹೆಸರನ್ನೂ ಹುಡುಕಲು ಆಗುವುದಿಲ್ಲ, ದೃಷ್ಟಿ ಇಲ್ಲದವರ ಓದು ತಂತ್ರಾಂಶಕ್ಕೆ ಅಲ್ಲಿ ಓದಲು ಏನೂ ಇರುವುದಿಲ್ಲ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ಗಳಲ್ಲಿ ಲೇಖನಗಳನ್ನು ಉಳಿಸಿಕೊಂಡರೂ ಫಲ ಅದೇ. ಅಚ್ಚು ಚೆನ್ನಾಗಿ ಬಂದರೂ ನಕಲಿಸಿ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಅಂಕಿಗಳಿರುವ ಜಾಗಗಳನ್ನು ಕಣ್ಣಾರೆ ಓದಿ ತಿದ್ದಿದರೆ ಶ್ರಮ ಸಾರ್ಥಕವಾಗುತ್ತದೆ.

ಆದ್ದರಿಂದ ಎರಡು ಪಿಡಿಎಫ್ ತೆಗೆಯಿರಿ. ಒಂದು ಮೇಲೆ ಹೇಳಿದ ಅಚ್ಚಿನ ಪ್ರತಿ. ಇನ್ನೊಂದು ಓದುವ ಪ್ರತಿ: ಬ್ಲೀಡ್ ಮತ್ತು ಗುರುತುಗಳಿಲ್ಲದೆ, ಚಿತ್ರಗಳು 150 ಪಿಪಿಐ ಮತ್ತು ಪರದೆಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣದಲ್ಲಿ, ಫಾಂಟ್‌ಗಳು ಕಡತದೊಳಗೇ ಸೇರಿ (ಎಂಬೆಡ್ ಆಗಿ), ಓದು ತಂತ್ರಾಂಶಕ್ಕೆ ನೆರವಾಗುವ ಕ್ರಿಯೇಟ್ ಟ್ಯಾಗ್ಡ್ ಪಿಡಿಎಫ್ ಗುರುತು ಹಾಕಿ ತೆಗೆದದ್ದು. ಊರಿನಿಂದ ಹೊರಗೆ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಬಹುದು.

ಇನ್‌ಡಿಸೈನ್ ಇಲ್ಲದವರು ಉಚಿತವಾಗಿ ಸಿಗುವ ಸ್ಕ್ರೈಬಸ್‌ನ 1.6 ಆವೃತ್ತಿಯಲ್ಲಿ ಇದರಲ್ಲಿ ಬಹುಪಾಲನ್ನು ಮಾಡಬಹುದು. ಅದಕ್ಕೆ ಕನ್ನಡದ ಅಕ್ಷರಗಳನ್ನು ಕೂಡಿಸಲು ಬರುತ್ತದೆ, ಪಿಡಿಎಫ್/ಎಕ್ಸ್ ರೂಪಗಳೂ ಇವೆ. ಅಲ್ಲಿಯ ಔಟ್‌ಪುಟ್ ಆಯ್ಕೆಯಲ್ಲಿ ಪರದೆಗೋ ಪ್ರಿಂಟರ್‌ಗೋ ಎಂಬುದನ್ನು ತಾವೇ ಆರಿಸಬೇಕು.

ಮಧುಗಿರಿಯಿಂದ, ಕರಡು ತಿದ್ದುವವರು:

ಕಳುಹಿಸುವ ಮುನ್ನ ಪಿಡಿಎಫ್ ಅನ್ನೇ ತೆರೆದು ನೋಡಿ, ಇನ್‌ಡಿಸೈನ್‌ನ ಪರದೆಯನ್ನಲ್ಲ. ಅಕ್ರೋಬ್ಯಾಟ್ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ಇದೆ. ಪ್ರತಿ ಫಾಂಟ್‌ನ ಮುಂದೆಯೂ ಎಂಬೆಡೆಡ್ ಅಥವಾ ಎಂಬೆಡೆಡ್ ಸಬ್‌ಸೆಟ್ ಎಂದಿರಬೇಕು. ಇಲ್ಲದ ಫಾಂಟ್ ಕಂಡರೆ ಪ್ರೆಸ್ಸಿನ ಕಂಪ್ಯೂಟರ್ ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುತ್ತದೆ. ಆಮೇಲೆ ಓದುವ ಪ್ರತಿಯಿಂದ ಒಂದು ಪ್ಯಾರಾವನ್ನು ನಕಲಿಸಿ ಬೇರೆಡೆ ಅಂಟಿಸಿ. ಯೂನಿಕೋಡ್ ಫಾಂಟ್ ಬಳಸಿದ್ದರೂ ಅರ್ಕಾವತ್ತು ಮತ್ತು ಒತ್ತುಗಳು ಸ್ಥಾನ ಬದಲಿಸಿ ಬರುವ ಸಾಧ್ಯತೆ ಇದೆ, ಏಕೆಂದರೆ ಪಿಡಿಎಫ್ ಸಾಮಾನ್ಯವಾಗಿ ಅಕ್ಷರಗಳ ಆಕಾರಗಳನ್ನು ಕಾಗದದ ಮೇಲೆ ಕೂತ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಹಾಗೆ ಬಂದರೆ ಹುಡುಕಾಟವೂ ತಪ್ಪುತ್ತದೆ. ಅಂಥ ಸಂದರ್ಭದಲ್ಲಿ ಇನ್ನೊಂದು ಯೂನಿಕೋಡ್ ಫಾಂಟ್ ಹಾಕಿ ಒಂದೆರಡು ಪುಟಗಳನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ ಹೋಲಿಸಿ ನೋಡಿ. ಹೆಸರುಗಳ ಪಟ್ಟಿ ಇರುವ ಪುಟವನ್ನೇ ಈ ಪರೀಕ್ಷೆಗೆ ಆರಿಸಿಕೊಳ್ಳಿ, ಮುಂದೆ ಜನ ಹುಡುಕುವುದು ಅಲ್ಲಿಯೇ. ಅಚ್ಚಿನ ಪ್ರತಿಗೂ ಓದುವ ಪ್ರತಿಗೂ ಬೇರೆ ಬೇರೆ ಕಡತದ ಹೆಸರು ಕೊಟ್ಟು, ಪ್ರೆಸ್ಸಿಗೆ ಮೊದಲನೆಯದನ್ನು ಮಾತ್ರ ಕಳುಹಿಸಿ, ಹೊಸ ಕರಡಚ್ಚನ್ನು ಒಮ್ಮೆ ಕಾಗದದ ಮೇಲೆಯೇ ತರಿಸಿಕೊಂಡು ಓದಿದ ನಂತರ ಒಪ್ಪಿಗೆಯ ಸಹಿ ಹಾಕಿ.