ಮದುವೆ ಗಂಡಿಗೆ ಪರಿಸರಸ್ನೇಹಿ ಸೂಟ್, ಯಾವ ಬಟ್ಟೆ ನಂಬೋದು?

ಮದುಮಗ_ನಾನೇ:
ಇನ್ನು ಕೆಲವೇ ತಿಂಗಳಲ್ಲಿ ಮದುವೆ. ಒಂದ್ ದಿನ ಹಾಕಿ ಆಮೇಲೆ ಬೀರುವಲ್ಲಿ ಕೊಳೆಯೋ ಸೂಟ್ ಬೇಡ, ಪರಿಸರಕ್ಕೂ ಆದಷ್ಟು ಕಮ್ಮಿ ಹೊರೆ ಆಗ್ಲಿ ಅಂತ ಆಸೆ. ಆದ್ರೆ ಹುಡುಕೋಕೆ ಕೂತ್ರೆ ತಲೆ ಕೆಟ್ಟೋಗತ್ತೆ, ಒಬ್ರು ಬಿದಿರು ಬಟ್ಟೆ ಅಂತಾರೆ, ಇನ್ನೊಬ್ರು ರೀಸೈಕಲ್ಡ್ ಪಾಲಿಯೆಸ್ಟರ್ ಅಂತಾರೆ, ಎಲ್ಲದಕ್ಕೂ ಒಂದೊಂದು ಹಸಿರು ಎಲೆ ಟ್ಯಾಗ್ ಬೇರೆ. ನೋಡೋಕೂ ಮದುವೆ ಗಂಡಿನ ಥರ ಕಾಣ್ಬೇಕಲ್ವಾ, ಏನ್ ಮಾಡ್ಲಿ?

ನಾರುಬೇರು:
ಬಿದಿರು ಅಂತ ಮಾರೋದು ಬಹುಪಾಲು ವಿಸ್ಕೋಸ್ ಸರ್. ಬಿದಿರಿನ ತಿರುಳನ್ನ ಕೆಮಿಕಲ್‌ನಲ್ಲಿ ಕರಗಿಸಿ ನೂಲು ಎಳೀತಾರೆ, ಅದಕ್ಕೆ ಬಳಸೋ ಕಾರ್ಬನ್ ಡೈಸಲ್ಫೈಡ್ ಫ್ಯಾಕ್ಟರಿ ಕೆಲಸಗಾರರ ನರಗಳಿಗೆ ಕೆಟ್ಟದ್ದು. ಆ ನುಣುಪೇ ಬೇಕಂದ್ರೆ ಮರದ ತಿರುಳಿಂದ ಮಾಡೋ ಲಯೋಸೆಲ್ ನೋಡಿ, ಅದ್ರಲ್ಲಿ ತಿರುಳು ಕರಗಿಸೋ ದ್ರಾವಕದ ಶೇ 99ರಷ್ಟನ್ನ ವಾಪಸ್ ಹಿಡಿದು ಮತ್ತೆ ಬಳಸ್ತಾರೆ. ರೀಸೈಕಲ್ಡ್ ಪಾಲಿಯೆಸ್ಟರ್ ಹೆಚ್ಚಾಗಿ ಹಳೆ ಬಾಟಲಿ ಕರಗಿಸಿ ಮಾಡಿದ್ದು, ಒಗೆದ್ರೆ ಮೈಕ್ರೋಪ್ಲಾಸ್ಟಿಕ್ ಉದುರೋದಂತೂ ತಪ್ಪೋದಿಲ್ಲ.

ಎಲೆ ಚಿತ್ರ ಯಾರ್ ಬೇಕಾದ್ರೂ ಹಾಕ್ಕೋಬಹುದು. ಆರ್ಗ್ಯಾನಿಕ್ ಬಟ್ಟೆಗೆ ಕೊಡೋ ಅಂತರರಾಷ್ಟ್ರೀಯ ಪ್ರಮಾಣಪತ್ರ ಜಿಒಟಿಎಸ್, ಅದರ ಲೇಬಲ್‌ನಲ್ಲಿ 'ಆರ್ಗ್ಯಾನಿಕ್' ಅಂತಿದ್ರೆ ಕನಿಷ್ಠ ಶೇ 95 ಆರ್ಗ್ಯಾನಿಕ್ ನಾರು ಇರ್ಲೇಬೇಕು. ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಬೇರೆ, ಅದು ಬಟ್ಟೆಯಲ್ಲಿ ಹಾನಿಕಾರಕ ಕೆಮಿಕಲ್ ಇದ್ಯಾ ಅಂತ ನೋಡೋ ಟೆಸ್ಟ್ ಅಷ್ಟೇ.

ಸೂಜಿದಾರ:
ಎಲ್ರೂ ಮೇಲಿನ ಬಟ್ಟೆ ಬಗ್ಗೆನೇ ಮಾತಾಡ್ತೀರಿ, ಕೋಟ್ ಒಳಗೆ ಏನಿದೆ ಅಂತ ಯಾರೂ ಕೇಳಲ್ಲ. ಲಿನನ್ ಅಂತ ಹೆಮ್ಮೆಯಿಂದ ತಂದಿರ್ತಾರೆ, ಬಿಚ್ಚಿ ನೋಡಿದ್ರೆ ಲೈನಿಂಗ್ ಪೂರ್ತಿ ಪಾಲಿಯೆಸ್ಟರ್, ಎದೆ ಭಾಗದಲ್ಲಿ ಅಂಟು ಹಾಕಿ ಒತ್ತಿದ ಒಳಪದರ, ಅಂದ್ರೆ ಫ್ಯೂಸಿಂಗ್. ಆ ಅಂಟು ಕೆಲವು ಸಲ ಕ್ಲೀನಿಂಗ್ ಆದ್ಮೇಲೆ ಬಿಟ್ಕೊಂಡು ಬಟ್ಟೆ ಗುಳ್ಳೆ ಗುಳ್ಳೆ ಏಳತ್ತೆ, ಸರಿ ಮಾಡೋದು ತುಂಬಾ ಕಷ್ಟ. ಕೊಳ್ಳೋ ಮುಂಚೆ ಕೆಳಗಿನ ಗುಂಡಿ ಹತ್ರ ಬಟ್ಟೆನ ಎರಡೂ ಕಡೆಯಿಂದ ಬೆರಳಲ್ಲಿ ಚಿವುಟಿ ಮೆಲ್ಲಗೆ ಎಳೀರಿ, ನಡುವೆ ಮೂರನೇ ಪದರ ಬಿಡಿಯಾಗಿ ಸರಿದಾಡಿದ್ರೆ ಅಂಟಿಲ್ಲದೆ ಹೊಲಿದು ಕೂರಿಸೋ ಕ್ಯಾನ್ವಾಸ್ ಒಳಪದರ ಹಾಕಿದ್ದು, ಅದು ಬಾಳಿಕೆ ಬರತ್ತೆ.

ಹೊಲಿಸೋದಾದ್ರೆ ಲೈನಿಂಗ್‌ಗೆ ಕಾಟನ್ ಕೇಳಿ, ಇಲ್ಲಾಂದ್ರೆ ಕುಪ್ರೋ, ಅದು ಹತ್ತಿಬೀಜಕ್ಕೆ ಅಂಟಿರೋ ಸಣ್ಣ ಎಳೆಯಿಂದ ಮಾಡೋದು. ಸೊಂಟ, ಬೆನ್ನಿನ ಹೊಲಿಗೆ ಹತ್ರ ಬಟ್ಟೆ ಧಾರಾಳವಾಗಿ ಒಳಗೆ ಬಿಡಿಸಿ, ಮದುವೆ ಆದ್ಮೇಲೆ ದಪ್ಪ ಆಗ್ತೀರಾ, ಬೇಜಾರ್ ಮಾಡ್ಕೋಬೇಡಿ ☺

ಹಳೇಕೋಟು:
ಹೊಸದೇ ಯಾಕ್ರೀ? ಒಳ್ಳೆ ಉಣ್ಣೆ ಸೂಟ್ ಸೆಕೆಂಡ್ ಹ್ಯಾಂಡ್ ಸಿಕ್ರೆ ಅದಕ್ಕಿಂತ ಹಸಿರು ಯಾವ್ದಿದೆ. ಭುಜ ಸರಿಯಾಗಿ ಕೂತಿದ್ರೆ ಮಾತ್ರ ತಗೊಳ್ಳಿ, ತೋಳು ಸೊಂಟ ಎಲ್ಲ ಆಲ್ಟರ್ ಆಗತ್ತೆ, ಭುಜ ಬಿಚ್ಚಿ ಕಟ್ಟೋದು ದೊಡ್ಡ ರಗಳೆ. ಬೆಳಕಿಗೆ ಹಿಡಿದು ಹುಳ ತಿಂದ ತೂತಿದ್ಯಾ ನೋಡಿ.

ಮದುಮಗ_ನಾನೇ:
ಭುಜದ ವಿಷ್ಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಅಪ್ಪಟ ಲಿನನ್ ಆದ್ರೆ ಫೋಟೋ ತೆಗೆಯೋ ಹೊತ್ತಿಗೆ ಮುದುರಿ ಹೋಗಲ್ವಾ?

ಸೂಜಿದಾರ:
ಮುದುರತ್ತೆ, ಅದರ ಸ್ವಭಾವ. ಉಣ್ಣೆ ಲಿನನ್ ಮಿಕ್ಸ್ ತಗೊಂಡ್ರೆ ಕಮ್ಮಿ. ತಿಳಿ ಬಣ್ಣ ಬೇಡ, ಕಡುನೀಲಿ ಇಲ್ಲಾ ಕಂದು ಹೊಲಿಸಿ, ಕೋಟನ್ನ ಆಮೇಲೆ ಬೇರೆ ಪ್ಯಾಂಟ್ ಮೇಲೂ ಹಾಕ್ಕೋಬಹುದು. ಸಲ ಸಲಕ್ಕೂ ಡ್ರೈ ಕ್ಲೀನಿಂಗ್‌ಗೆ ಕೊಡ್ಬೇಡಿ, ಬ್ರಷ್ ಮಾಡಿ ಗಾಳಿಗೆ ನೇತಾಕಿದ್ರೆ ಸಾಕು.