ಮಾವನ ಹಳೇ ಗಾಲ್ಫ್ ಸೆಟ್ಟಿಗೆ ಮನೇಲೇ ಹೊಸ ಗ್ರಿಪ್ ಹಾಕ್ಬೋದಾ?

ಬೆಣ್ಣೆನಗರಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ದು ದಾವಣಗೆರೆ, ವಿದ್ಯಾನಗರ ಕಡೆ ಮನೆ. ನಮ್ಮ ಸೋದರಮಾವ ಎಸ್ಟೇಟ್ ಕೆಲಸದಲ್ಲಿದ್ದಾಗ ಚಿಕ್ಕಮಗಳೂರಲ್ಲಿ ಗಾಲ್ಫ್ ಆಡ್ತಿದ್ರು, ಈಗ ಮಂಡಿನೋವು ಅಂತ ಬಿಟ್ಟು ಇಡೀ ಸೆಟ್ಟು ನಂಗೆ ಕೊಟ್ಟಾರೆ, 11 ಕ್ಲಬ್ (ಚೆಂಡು ಹೊಡೆಯೋ ಕೋಲು) ಅದಾವೆ. ಒಂಬತ್ತು ವರ್ಷ ಅಟ್ಟದ ಮೇಲೆ ತಗಡಿನ ಕೆಳಗಿತ್ತು, ನಮ್ಮೂರ ಏಪ್ರಿಲ್ ಬಿಸ್ಲು ಗೊತ್ತಲ್ಲ, ಗ್ರಿಪ್ ಅಂದ್ರೆ ಹಿಡ್ಕಳೋ ಕಡೆ ಇರೋ ರಬ್ಬರ್ ಪೂರ್ತಿ ಕೆಟ್ಟೈತೆ, ಕೆಲವು ಗಟ್ಟಿಯಾಗಿ ಹೊಳೀತಾವೆ, ಕೆಲವು ಹಿಡ್ಕಂಡ್ರೆ ಅಂಗೈಗೆ ಕಪ್ಪು ಮಸಿ ಅಂಟುತ್ತೆ. ಏಳನೇ ಐರನ್ ಅನ್ನೋ ಕ್ಲಬ್ಬಲ್ಲಿ ಮಾವ ಹೆಬ್ಬೆರಳು ಇಡ್ತಿದ್ದ ಜಾಗ ಸವೆದು ಗುಳಿ ಬಿದ್ದೈತೆ, ಅದನ್ನ ತೆಗೆಯಕ್ಕೆ ಮನಸ್ಸೇ ಬರ್ತಿಲ್ಲ ಆದ್ರೂ ಆಡ್ಬೇಕಲ್ಲ. ಬೆಂಗಳೂರಲ್ಲಿ ಒಂದು ಕಡೆ ಎರಡು ಕ್ಲಬ್ ಕೊಟ್ಟಿದ್ದೆ, ಗ್ರಿಪ್ಪಿನ ಗುರುತು ಸೊಟ್ಟ ಕೂರ್ಸಿ ಕಳ್ಸಿದ್ರು. ಅದಕ್ಕೆ ನಾನೇ ಮಾಡ್ಬೇಕು ಅಂತ. ಯಾವ ಟೇಪು, ಯಾವ ಸೈಜು, ಪೆಟ್ರೋಲ್ ಹಾಕ್ಬೋದಾ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಏಳನೇ_ಐರನ್:
ಖಂಡಿತ ಮಾಡ್ಬೋದು ಅಣ್ಣ, ನಾನು ಆರು ವರ್ಷದಿಂದ ಮನೇಲೇ ಹಾಕ್ತಿದೀನಿ. ಮೊದ್ಲು ಸೈಜ್ ನೋಡ್ಕಳಿ. ಗ್ರಿಪ್ ತೆಗೆದ ಮೇಲೆ ಶಾಫ್ಟಿನ (ಕ್ಲಬ್ಬಿನ ಉದ್ದ ಕೊಳವೆ) ತುದಿಗೆ ವರ್ನಿಯರ್ ಇಟ್ಟು ಅಳತೆ ಮಾಡಿ, ಸಾಮಾನ್ಯವಾಗಿ 0.600 ಇಂಚು ಇಲ್ಲಾ 0.580 ಇಂಚು ಇರುತ್ತೆ, ಹೊಸ ಗ್ರಿಪ್ಪಿನ ಬಾಯಿ ಒಳಗಡೆ 60 ಅಥ್ವಾ 58 ಅಂತ ಇರೋದು ಅದೇನೇ. 58ರ ಗ್ರಿಪ್ಪನ್ನ 60ರ ಶಾಫ್ಟಿಗೆ ಹಾಕಿದ್ರೆ ಹಿಗ್ಗಿ ಸ್ವಲ್ಪ ದಪ್ಪ ಆಗುತ್ತೆ. ನಿಮ್ಮ ಕೈ ದೊಡ್ದಿದ್ರೆ ಒಳಗೆ ಮಾಸ್ಕಿಂಗ್ ಟೇಪ್ ಒಂದೊಂದೇ ಸುತ್ತು ಜಾಸ್ತಿ ಮಾಡ್ಕಳಿ, ಒಂದು ಸುತ್ತಿಗೆ ಸುಮಾರು 1/64 ಇಂಚು ದಪ್ಪ ಬರುತ್ತೆ.

ಹಳೇದನ್ನ ಕಟರಲ್ಲಿ ಉದ್ದಕ್ಕೆ ಸೀಳಿ, ಬ್ಲೇಡು ಯಾವಾಗ್ಲೂ ಮೈಯಿಂದ ಆಚೆಗೇ ಹೋಗ್ಬೇಕು. ಸ್ಟೀಲ್ ಶಾಫ್ಟಾದ್ರೆ ಚಿಂತೆಯಿಲ್ಲ, ಗ್ರಾಫೈಟ್ (ಕಾರ್ಬನ್ ನಾರಿಂದು) ಆದ್ರೆ ಕೊಕ್ಕೆ ಥರ ಇರೋ ಬ್ಲೇಡೇ ಬೇಕು, ಚೂಪು ತುದಿ ನಾರಿಗೆ ತಾಗಿದ್ರೆ ಇನ್ನೊಂದಿನ ಹೊಡೆಯೋವಾಗ ಅಲ್ಲೇ ಮುರಿಯುತ್ತೆ. ಹಳೇ ಟೇಪಿಗೆ ಹೇರ್ ಡ್ರೈಯರ್ ಹಿಡಿದ್ರೆ ಮೆತ್ತಗಾಗಿ ಸಿಪ್ಪೆ ಥರ ಎದ್ದು ಬರುತ್ತೆ.

ಆಮೇಲೆ ಎರಡೂ ಕಡೆ ಅಂಟಿರೋ ಟೇಪು ಸುತ್ತಿ, ಶಾಫ್ಟಿನ ತುದಿಯಿಂದ ಅರ್ಧ ಇಂಚು ಆಚೆ ಬಿಟ್ಟು ಅದನ್ನ ತಿರುಚಿ ಕೊಳವೆ ಒಳಗೆ ತುರುಕಿ, ಇಲ್ದಿದ್ರೆ ಗ್ರಿಪ್ ಜಾರ್ಲಿ ಅಂತ ಹಾಕೋ ಎಣ್ಣೆಯೆಲ್ಲ ಶಾಫ್ಟ್ ಒಳಗೇ ಇಳಿಯುತ್ತೆ. ಪೆಟ್ರೋಲ್ ಬೇಡ ಅಣ್ಣ, ದಯವಿಟ್ಟು ಬೇಡ, ಅದ್ರ ಆವಿ ನೆಲದ ಮೇಲೇ ಹರಿದು ಅಡುಗೆಮನೆ ತಂಕ ಹೋಗುತ್ತೆ. ಪೇಂಟ್ ಅಂಗಡೀಲಿ ಸಿಗೋ ಟರ್ಪೆಂಟೈನ್ ಸಾಕು, ಅದಕ್ಕೂ ಬೆಂಕಿ ಹತ್ತುತ್ತೆ, ಹೊರಗಡೆ ಗಾಳಿಯಾಡೋ ಜಾಗದಲ್ಲೇ ಮಾಡಿ. ಸೀಮೆಎಣ್ಣೆ ಜಿಡ್ಡು ಉಳಿಸುತ್ತೆ, ಥಿನ್ನರ್ ಗ್ರಾಫೈಟಿನ ಬಣ್ಣ ತಿನ್ನುತ್ತೆ, ಎರಡೂ ಬೇಡ.

ಗ್ರಿಪ್ಪಿನ ತುದಿ ತೂತನ್ನ ಬೆರಳಲ್ಲಿ ಮುಚ್ಚಿ ಒಳಗೆ ಟರ್ಪೆಂಟೈನ್ ಹುಯ್ದು ಅಲ್ಲಾಡ್ಸಿ, ಅದನ್ನೇ ಟೇಪಿನ ಮೇಲೆ ಉದ್ದಕ್ಕೂ ಸುರೀರಿ, ಜಿಪುಣತನ ಮಾಡ್ಬೇಡಿ. ಹೊಸಬರು ಕೆಡೋದು ಇಲ್ಲೇನೇ, ಚೂರೇ ಚೂರು ಸವರ್ತಾರೆ, ಗ್ರಿಪ್ ಅರ್ಧಕ್ಕೆ ಹೋಗಿ ಕಚ್ಕಂಡು ನಿಂತು ಆಮೇಲೆ ಹಿಂದಕ್ಕೂ ಬರಲ್ಲ ಮುಂದಕ್ಕೂ ಹೋಗಲ್ಲ. ಚೆನ್ನಾಗಿ ನೆನೆಸಿ ಒಂದೇ ಉಸಿರಿಗೆ ಕೊನೆ ತಂಕ ತಳ್ಳಿ.

ಕೋಟೆನಾಡು:
ಚಿತ್ರದುರ್ಗದಿಂದ. ಇನ್ನೊಂದು ದಾರಿ ಐತೆ, ನಾನು ಪಂಕ್ಚರ್ ಅಂಗಡಿ ಕಂಪ್ರೆಸರಲ್ಲಿ ಹಾಕೋದು. ಶಾಫ್ಟಿಗೆ ಬರೀ ಮಾಸ್ಕಿಂಗ್ ಟೇಪ್ ಒಂದು ಸುತ್ತು, ಅಂಟಿಲ್ಲ ಎಣ್ಣೆಯಿಲ್ಲ, ಗ್ರಿಪ್ಪಿನ ಬಾಯಿ ಸಿಗಿಸಿ ತುದಿ ತೂತಿಗೆ ಗಾಳಿ ಗನ್ನು ಒತ್ತಿದ್ರೆ ಗ್ರಿಪ್ ಉಬ್ಬಿ ತಾನೇ ಜಾರ್ಕಂಡು ಹೋಗುತ್ತೆ, ಕೂಡ್ಲೇ ಆಡ್ಬೋದು, ಬೇಡಾದ್ರೆ ಹಂಗೇ ಬಿಚ್ಬೋದು. ಆದ್ರೆ ಲಾರಿ ಟೈರಿಗೆ ಇಟ್ಟಿರೋ ಪ್ರೆಶರನ್ನ ಹಂಗೇ ಬಿಟ್ರೆ ಬಲೂನಿನ ಹಾಗೆ ಸಿಡಿಯುತ್ತೆ, ಮೊದ್ಲು ಕಡ್ಮೆ ಮಾಡ್ಸಿ, ಕಣ್ಣಿಗೆ ಕನ್ನಡಕ ಹಾಕ್ಕಳಿ. ದಾರ ಸೇರ್ಸಿರೋ ಕಾರ್ಡ್ ಗ್ರಿಪ್ ಅಷ್ಟಾಗಿ ಉಬ್ಬಲ್ಲ, ಅದಕ್ಕೆ ಇದು ಆಗಲ್ಲ.

ಏಳನೇ_ಐರನ್:
@ಕೋಟೆನಾಡು ಅವರೇ, ಸೈಜು ಪರೀಕ್ಷೆ ಮಾಡಕ್ಕೆ ಅದು ಒಳ್ಳೇದು, ಒಪ್ತೀನಿ. ಆದ್ರೆ ಬೆವರು ಕೈಯಲ್ಲಿ ಜೋರಾಗಿ ಬೀಸೋವಾಗ ಗ್ರಿಪ್ ಒಂದು ಕೂದಲೆಳೆ ತಿರುಗಿದ್ರೂ ಚೆಂಡು ಎಲ್ಲೋ ಹೋಗುತ್ತೆ, ನಂಗೆ ಅಂಟು ಟೇಪಿನ ಮೇಲೇನೇ ನಂಬಿಕೆ.

ಮುಂಗಾರು_ಮೋಡ:
ಪಟರ್ (ಚೆಂಡನ್ನ ಗುಳಿಗೆ ಉರುಳಿಸೋ ಕ್ಲಬ್) ಬಗ್ಗೆ ಯಾರೂ ಹೇಳ್ಲಿಲ್ಲ. ನಿಯಮದ ಪ್ರಕಾರ ಬೇರೆಲ್ಲ ಕ್ಲಬ್ಬಿನ ಗ್ರಿಪ್ ಗುಂಡಗಿರ್ಬೇಕು, ಉದ್ದಕ್ಕೂ ಒಂದು ಸಣ್ಣ ಏಣು ಇರ್ಬೋದು ಅಷ್ಟೆ, ಪಟರಿಗೆ ಮಾತ್ರ ಚಪ್ಪಟೆ ಮೈ ಇರ್ಬೋದು. ಆ ಚಪ್ಪಟೆ ಕಡೆ ತಲೆಗೆ ನೇರ ಇಲ್ದಿದ್ರೆ ಪಟರಿನ ಪ್ರತಿ ಹೊಡೆತಾನೂ ಒಂದೇ ಕಡೆ ತಪ್ಪುತ್ತೆ, ಆಡೋರು ತಮ್ಮ ಕೈದೇ ತಪ್ಪು ಅನ್ಕಳ್ತಾರೆ. ವೈಸಿಗೆ ಕಚ್ಚಿಸೋವಾಗ ಹಳೇ ಸೈಕಲ್ ಟ್ಯೂಬ್ ಸುತ್ತಿ, ಗ್ರಾಫೈಟ್ ಶಾಫ್ಟನ್ನ ಜೋರಾಗಿ ಬಿಗಿಬೇಡಿ. ಇನ್ನೊಂದು ಮಾತು, ಎಲ್ಲಾನೂ ಬಿಸಾಕ್ಬೇಡಿ. ಬರೀ ಹೊಳಪು ಬಂದಿರೋವನ್ನ ಉಗುರು ಬೆಚ್ಚಗಿನ ಸೋಪ್ ನೀರಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿದ ಮೇಲೆ ನಯವಾದ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ ನೋಡಿ, ಕೆಲವಕ್ಕೆ ಹಿಡಿತ ವಾಪಸ್ ಬರುತ್ತೆ. ಮಸಿ ಬಿಡೋವು ಮಾತ್ರ ಉಳಿಯಲ್ಲ.

ಬೆಣ್ಣೆನಗರಿ_ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮಾಡ್ದೆ. ಮಂಡಿಪೇಟೆ ಕಡೆ ಟೇಪು, ಟರ್ಪೆಂಟೈನ್ ಎರಡೂ ಸಿಕ್ತು. ಶಾಫ್ಟೆಲ್ಲ ಸ್ಟೀಲೇ, ಅಳತೆ 0.600 ಬಂತು. ಮೂರು ಗ್ರಿಪ್ ತೊಳೆದೇ ಸರಿ ಹೋದ್ವು, ಏಳು ಬದಲಾಯಿಸ್ದೆ. ಮೊದಲ್ನೇದು ಎರಡು ಇಂಚು ಉಳಿದಾಗ ನಿಂತೇ ಬಿಡ್ತು, ಎಣ್ಣೆ ಕಡ್ಮೆ ಹಾಕಿದ್ದೆ, ಕೈ ಕೆಂಪಗಾಗೋ ತಂಕ ಎಳೆದ್ರೂ ಬರ್ಲಿಲ್ಲ, ಸೀಳಿ ಬಿಸಾಕ್ಬೇಕಾಯ್ತು. ಎರಡನೇದಕ್ಕೆ ಕೆಳಗೆ ತಟ್ಟೆ ಇಟ್ಟು ಧಾರಾಳವಾಗಿ ಹುಯ್ದೆ, ಸರ್ ಅಂತ ಹೋಗಿ ಕೊನೇಲಿ ಟಪ್ ಅಂತ ಕೂತ್ಕಂತು. ಕ್ಲಬ್ ತಲೆ ನೆಲಕ್ಕಿಟ್ಟು ಮೇಲಿಂದ ನೋಡಿ ಗುರುತು ನೇರ ಮಾಡ್ಕಳಕ್ಕೆ ಒಂದು ನಿಮಿಷ ಟೈಮ್ ಸಿಗುತ್ತೆ, ಅಷ್ಟು ಸಾಕು. ರಾತ್ರಿಯೆಲ್ಲ ವರಾಂಡದಲ್ಲಿ ಒಣಗಕ್ಕೆ ಬಿಟ್ಟೆ.

ಮಾವಂಗೆ ಏಳನೇ ಐರನ್ ಕೊಟ್ಟೆ, ಹಿಡ್ಕಂಡು ಹೆಬ್ಬೆರಳು ಅದೇ ಜಾಗದಲ್ಲಿಟ್ಟು ಸುಮಾರು ಹೊತ್ತು ಹಂಗೇ ನಿಂತಿದ್ರು. ಸೀಳಿದ ಹಳೇ ಗ್ರಿಪ್ ಬಿಸಾಕಿಲ್ಲ, ಕೊಡು ಅಂತ ಇಸ್ಕಂಡು ಅವ್ರೇ ಎತ್ತಿಟ್ಕಂಡಾರೆ. ಇನ್ನು ಪಟರೊಂದು ಬಾಕಿ, ಮುಂದಿನ ವಾರ.