‘ಫ್ರೋಜನ್ ಪೀರಿಯಡ್’ ಅಂದರೆ ‘ಸ್ಥಗಿತ ಅವಧಿ’ಯೇ? ಪೂರೈಕೆ ಒಪ್ಪಂದದ ಕೆಲವು ಪದಗಳು

ಸರಕು ಪೂರೈಕೆಯ ಒಪ್ಪಂದವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆಲೆ, ಗುಣಮಟ್ಟ, ತಕರಾರು ಬಗೆಹರಿಸುವ ರೀತಿ, ಎಲ್ಲವನ್ನೂ ಹೇಗೋ ದಾಟಿ ಬಂದೆ. ‘ಪ್ರೊಡಕ್ಷನ್ ಶೆಡ್ಯೂಲಿಂಗ್ ಪೀರಿಯಡ್’ ಅನ್ನುವಲ್ಲಿ ಗಾಡಿ ಹೂತುಕೊಂಡಿದೆ. ಒಂದು ಪದ ಸಿಕ್ಕರೆ ಸಾಕು ಅಂತ ಹೊರಟವನಿಗೆ ಈಗ ಐದಾರು ಪದ ಬೇಕಾಗಿವೆ.

ಮೊದಲು ಎಡವಿದ ಜಾಗ ಹೇಳುತ್ತೇನೆ. ನನ್ನ ಕೈಗೆ ಬರುವ ಮೊದಲೇ ಇದರದೊಂದು ಕರಡು ಇತ್ತು. ಅದರಲ್ಲಿ ‘ಫ್ರೋಜನ್ ಪೀರಿಯಡ್’ಗೆ, ಅಂದರೆ ಆರ್ಡರನ್ನು ಬದಲಿಸಬಾರದ ಹತ್ತಿರದ ನಾಲ್ಕು ವಾರಕ್ಕೆ, ‘ಸ್ಥಗಿತ ಅವಧಿ’ ಎಂದು ಹಾಕಿದ್ದರು. ‘ಸ್ಥಗಿತ ಅವಧಿಯಲ್ಲಿ ಖರೀದಿದಾರರು ಪ್ರಮಾಣದ ಬದಲಾವಣೆ ಕೋರತಕ್ಕದ್ದಲ್ಲ’ ಎಂಬುದು ವಾಕ್ಯ. ವ್ಯಾಕರಣಕ್ಕೆ ಏನೂ ಕುಂದಿಲ್ಲ. ಆದರೆ ಅದನ್ನು ಓದಿದ ಉತ್ಪಾದನಾ ವಿಭಾಗದವರೊಬ್ಬರು ಕೇಳಿದ್ದು: ‘ಆ ನಾಲ್ಕು ವಾರ ಮೆಷಿನ್ ನಿಲ್ಲಿಸ್ಬೇಕಾ?’ ತಮಾಷೆಗೆ ಕೇಳಿದ್ದಲ್ಲ. ‘ಕೆಲಸ ಸ್ಥಗಿತ’, ‘ಸಂಚಾರ ಸ್ಥಗಿತ’ ಅಂತ ದಿನವೂ ಪೇಪರಿನಲ್ಲಿ ಓದುವ ನಮಗೆ ಸ್ಥಗಿತ ಅಂದರೆ ನಿಂತುಹೋದದ್ದು. ಒಪ್ಪಂದ ಹೇಳುವುದು ಪೂರ್ತಿ ಉಲ್ಟಾ. ಆ ನಾಲ್ಕು ವಾರ ಮೆಷಿನ್ ಓಡುತ್ತಲೇ ಇರುತ್ತದೆ. ಅಲುಗಾಡಬಾರದ್ದು ಮೆಷಿನ್ನಿನ ಮುಂದೆ ತೂಗುಹಾಕಿರುವ ಪಟ್ಟಿ, ಅಂದರೆ ಯಾವಾಗ ಏನನ್ನು ಎಷ್ಟು ತಯಾರಿಸಬೇಕು ಅನ್ನುವುದು.

ಯಾಕೆ ಅಲುಗಾಡಬಾರದು ಅಂದರೆ, ಅಷ್ಟು ಹೊತ್ತಿಗೆ ಕಚ್ಚಾ ಸಾಮಗ್ರಿ ತರಿಸಿ ಆಗಿರುತ್ತದೆ. ಯಾವ ದಿನ ಯಾವ ಅಚ್ಚು ಕೂರಿಸಬೇಕು, ಯಾವ ಪಾಳಿಗೆ ಎಷ್ಟು ಜನ ಬೇಕು ಅನ್ನುವುದೂ ತೀರ್ಮಾನವಾಗಿರುತ್ತದೆ. ಒಂದು ಆರ್ಡರ್ ಎಳೆದರೆ ಅದರ ಹಿಂದಿನ ನಾಲ್ಕು ಜಾರುತ್ತವೆ. ಹಾಗಾಗಿ ಮುಂದಿನ ಕಾಲವನ್ನು ಮೂರು ಪಾಲು ಮಾಡುವುದು ರೂಢಿ. ಹತ್ತಿರದ ಕೆಲವು ವಾರ ಏನೂ ಬದಲಿಲ್ಲ. ಅದರಾಚೆಯ ಕೆಲವು ವಾರ ಒಂದು ಮಿತಿಯೊಳಗೆ ಹೆಚ್ಚು ಕಮ್ಮಿ ಮಾಡಬಹುದು. ಅದಕ್ಕೂ ಆಚೆ ಬರೀ ಅಂದಾಜು. ಇಂಗ್ಲಿಷಿನವರು ಈ ಮೂರನ್ನೂ ಹೆಪ್ಪುಗಟ್ಟಿದ್ದು, ಅರೆ ಕರಗಿದ್ದು, ನೀರಾಗಿದ್ದು ಅಂತ ಹಿಮದ ಭಾಷೆಯಲ್ಲಿ ಕರೆಯುತ್ತಾರೆ. ಹಿಮ ನಮ್ಮ ಮಾತಿನೊಳಗಿನ ವಸ್ತು ಅಲ್ಲ. ‘ಗಟ್ಟಿ’, ‘ಅರೆಗಟ್ಟಿ’, ‘ಹಸಿ’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ‘ಆರ್ಡರ್ ಗಟ್ಟಿಯಾಯ್ತಾ?’ ಅಂತ ನಾವು ಕೇಳುವುದೇ ಹಾಗೆ, ಅಲ್ವಾ?

ಇಲ್ಲೊಂದು ತೊಡಕು. ‘ಫರ್ಮ್ ಆರ್ಡರ್’ ಬೇರೆ, ‘ಫ್ರೋಜನ್ ಪೀರಿಯಡ್’ ಬೇರೆ. ಮೊದಲನೆಯದು ಕೊಳ್ಳಲೇಬೇಕಾದ ಹೊಣೆ. ಎರಡನೆಯದು ಬದಲಿಸಬಾರದ ಕಟ್ಟು. ಒಂದು ತಿಂಗಳ ಸರಕನ್ನು ಕೊಳ್ಳಲೇಬೇಕು, ಆದರೆ ಆ ತಿಂಗಳೊಳಗೆ ದಿನಾಂಕವನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು ಅನ್ನುವ ಷರತ್ತು ಇರಬಹುದು. ಎರಡಕ್ಕೂ ‘ಗಟ್ಟಿ’ ಬಳಸಿದರೆ ಈ ಗೆರೆ ಅಳಿಸಿಹೋಗುತ್ತದೆ. ಸದ್ಯಕ್ಕೆ ಮೊದಲನೆಯದಕ್ಕೆ ‘ಖಚಿತ ಆರ್ಡರ್’, ಎರಡನೆಯದಕ್ಕೆ ‘ಬಿಗಿ ಅವಧಿ’ ಎಂದು ಇಟ್ಟುಕೊಂಡಿದ್ದೇನೆ. ‘ಬದಲಾಗದ ಅವಧಿ’ ಅಂತಲೂ ಯೋಚಿಸಿದ್ದೆ. ಆದರೆ ಅದು ಸುಳ್ಳು ಹೇಳುತ್ತದೆ. ಈ ಅವಧಿ ವಾರವಾರವೂ ಮುಂದಕ್ಕೆ ಸರಿಯುತ್ತದೆ. ಬದಲಾಗದ್ದು ಅದರೊಳಗಿನ ಪಟ್ಟಿ. ‘ಮಳೆ ಬಾರದ ದಿನ’ ಅಂದರೆ ಬಾರದ್ದು ಮಳೆ ಅಂತ ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಮಳೆ ಅನ್ನುವ ಪದ ಅಲ್ಲೇ ಇದೆ. ‘ಬದಲಾಗದ ಅವಧಿ’ಯಲ್ಲಿ ಆ ಪದ ಬಿಟ್ಟುಹೋಗಿದೆ. ‘ಪಟ್ಟಿ ಬದಲಾಗದ ಅವಧಿ’ ಅಂದರೆ ಸರಿ, ಆದರೆ ಒಪ್ಪಂದದಲ್ಲಿ ನಲವತ್ತು ಸಲ ಅದನ್ನೇ ಬರೆಯುವುದು ಯಾರಿಗೆ ಬೇಕು?

ಇನ್ನು ಗಾಡಿ ಹೂತ ಮೂಲದ ಪದ, ‘ಪ್ರೊಡಕ್ಷನ್ ಶೆಡ್ಯೂಲಿಂಗ್ ಪೀರಿಯಡ್’. ‘ಉತ್ಪಾದನಾ ವೇಳಾಪಟ್ಟಿ ಅವಧಿ’ ಎಂದು ಸುಮ್ನೆ ಮೂರು ನಾಮಪದ ಸಾಲಾಗಿ ನಿಲ್ಲಿಸಿದ್ದೆ. ಆಮೇಲೆ ಸಂಶಯ ಬಂದು, ಆ ಪದ ಬಂದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ‘ಎಷ್ಟು ದಿನ?’ ಎಂದು ಬರೆದು ಉತ್ತರ ಹುಡುಕಿದೆ. 4ನೇ ಕಲಮಿನಲ್ಲಿ ಉತ್ತರ 5 ದಿನ. 7ನೇ ಕಲಮಿನಲ್ಲಿ 6 ತಿಂಗಳು. 9ನೇ ಕಲಮಿನಲ್ಲಿ 1 ವಾರ. ಒಂದೇ ಪದ, ಮೂರು ಅಳತೆ! ಮೊದಲನೆಯದು, ಕೂತು ಪಟ್ಟಿ ತಯಾರಿಸಲು ಇರುವ ಸಮಯ. ಎರಡನೆಯದು, ಪಟ್ಟಿ ಎಷ್ಟು ದೂರದವರೆಗೆ ನೋಡುತ್ತದೆ ಅನ್ನುವುದು. ಮೂರನೆಯದು, ಪಟ್ಟಿಯೊಳಗಿನ ಒಂದೊಂದು ತುಂಡು. ಇಂಗ್ಲಿಷ್ ಮೂಲವೇ ಸಡಿಲ, ತಪ್ಪು ಅದರದ್ದು. ಆದರೆ ನಾಮಪದಗಳನ್ನು ಹಾಗೇ ಪೋಣಿಸಿದರೆ ಕನ್ನಡವೂ ಆ ಸಡಿಲವನ್ನು ಮುಚ್ಚಿಡುತ್ತದೆ. ಕ್ರಿಯಾಪದ ತಂದ ತಕ್ಷಣ ಬಯಲಾಗುತ್ತದೆ: ‘ಪಟ್ಟಿ ಮಾಡುವ ಅವಧಿ’, ‘ಪಟ್ಟಿ ಒಳಗೊಳ್ಳುವ ಅವಧಿ’. ಮಾಡುವ, ಒಳಗೊಳ್ಳುವ ಅನ್ನುವ ಎರಡು ಸಣ್ಣ ಪದ ಇಷ್ಟು ಕೆಲಸ ಮಾಡುವಾಗ ‘ಉತ್ಪಾದನಾ ಅನುಸೂಚೀಕರಣ ಕಾಲಾವಧಿ’ಯಂಥ ಕಬ್ಬಿಣದ ಕಡಲೆ ಯಾಕೆ ಬೇಕೋ ನನಗೆ ತಿಳಿಯದು.

ಮೂರನೆಯದಕ್ಕೆ, ಅಂದರೆ ತುಂಡಿಗೆ, ‘ಅಂಕಣ’ ಅನ್ನಬಹುದೇ? ಹಳೆಯ ಮನೆಗಳಲ್ಲಿ ಎರಡು ತೊಲೆಗಳ ನಡುವಿನ ಜಾಗ ಅಂಕಣ. ಪತ್ರಿಕೆಯಲ್ಲೂ ಎರಡು ಗೆರೆಗಳ ನಡುವಿನದು ಅಂಕಣವೇ. ಕಾಲವನ್ನು ಸಮನಾಗಿ ಗೆರೆ ಎಳೆದು ಹಂಚಿದಾಗ ಒಂದೊಂದೂ ಒಂದು ಅಂಕಣ. ‘ಪಟ್ಟಿಯ ಪ್ರತಿ ಅಂಕಣ ಒಂದು ವಾರದ್ದು’. ನನಗಂತೂ ಇಷ್ಟವಾಯಿತು. ‘ಕಂತು’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದನ್ನು ಹಣ ಕಟ್ಟುವ ಕಲಮು ಆಗಲೇ ಕಬಳಿಸಿದೆ.

‘ವೇಳಾಪಟ್ಟಿ’ಯಿಂದ ‘ವೇಳಾ’ ಕಿತ್ತುಹಾಕಿ ಬರೀ ‘ಉತ್ಪಾದನಾ ಪಟ್ಟಿ’ ಮಾಡಿದ್ದೇನೆ. ವೇಳಾಪಟ್ಟಿ ಅಂದರೆ ರೈಲು, ಪರೀಕ್ಷೆ, ಗಂಟೆ ನಿಮಿಷ. ಇಲ್ಲಿರುವುದು ವಾರ ಮತ್ತು ಪ್ರಮಾಣ. ‘ಅನುಸೂಚಿ’ ಬೇಡವೇ ಬೇಡ. ಸಂವಿಧಾನದ ಎಂಟನೇ ಅನುಸೂಚಿ ಇರುವ ಹಾಗೆ, ಇದೇ ಒಪ್ಪಂದದ ಕೊನೆಗೆ ಲಗತ್ತಿಸಿದ ಹಾಳೆಗಳೂ ‘ಶೆಡ್ಯೂಲ್’. ಕ್ರಯಪತ್ರದಲ್ಲಿ ‘ಷೆಡ್ಯೂಲ್ ಸ್ವತ್ತು’ ಅನ್ನುವಾಗಲೂ ಅದೇ ಅರ್ಥ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನಮ್ಮಲ್ಲಿ ಎರಡು ಇವೆ, ಉಳಿಸಿಕೊಳ್ಳೋಣ.

‘ಅವಧಿ’ಯ ಬಗ್ಗೆಯೇ ಒಂದು ಮಾತು. ಸಂಸ್ಕೃತದಲ್ಲಿ ಅದರ ಅರ್ಥ ಎಲ್ಲೆ, ಕೊನೆ. ‘ನಿರವಧಿ’ ಅಂದರೆ ಎಲ್ಲೆಯಿಲ್ಲದ್ದು. ಕನ್ನಡದಲ್ಲಿ ಅದು ಹಿಗ್ಗಿ, ಎರಡು ಎಲ್ಲೆಗಳ ನಡುವಿನ ಇಡೀ ಕಾಲವಾಯಿತು. ಎಲ್ಲೆಯ ಕೆಲಸವನ್ನು ಈಗ ‘ಗಡುವು’ ಮಾಡುತ್ತಿದೆ. ಆದರೂ ‘ಅವಧಿ ಕೊಟ್ಟರು’, ‘ಗಡುವು ಕೊಟ್ಟರು’ ಎರಡನ್ನೂ ಒಂದೇ ಎಂಬಂತೆ ಬರೆಯುತ್ತೇವೆ. ಒಪ್ಪಂದದಲ್ಲಿ ಅದು ನಡೆಯದು. ಅವಧಿಗೆ ಎರಡು ತುದಿ, ಗಡುವಿಗೆ ಒಂದೇ. ‘ವಾಯಿದೆ’ ನನಗೆ ಪ್ರೀತಿಯ ಪದ, ಅರಬಿ ಮೂಲದಲ್ಲಿ ಮಾತು ಕೊಡುವುದು ಎಂದೇ ಅರ್ಥ. ಆದರೆ ಕೋರ್ಟಿನ ವಾಯಿದೆ ಕೇಳಿ ಕೇಳಿ, ಮುಂದೂಡುವುದು ಅನ್ನುವ ವಾಸನೆ ಅದಕ್ಕೆ ಅಂಟಿದೆ. ಬಿಟ್ಟೆ.

‘ಒಳಗೆ’ ಅನ್ನುವುದೂ ಇದೇ ಜಾತಿಯ ತಂಟೆ. ‘ಜೂನ್ 15ರೊಳಗೆ ತಲುಪಿಸಬೇಕು’ ಅಂದರೆ ಮೇ ತಿಂಗಳಲ್ಲೇ ಲಾರಿ ಬಂದು ನಿಂತರೂ ಮಾತು ತಪ್ಪಿದಂತಲ್ಲ. ‘ಜೂನ್ 8ರಿಂದ 15ರ ಅವಧಿಯಲ್ಲಿ’ ಅಂದರೆ ಬೇಗ ಬಂದದ್ದೂ ತಪ್ಪೇ. ಅಂತರರಾಷ್ಟ್ರೀಯ ಸರಕು ಮಾರಾಟದ 1980ರ ವಿಯೆನ್ನಾ ಒಡಂಬಡಿಕೆ ಇದನ್ನು ಚೆನ್ನಾಗಿ ಬಿಡಿಸಿದೆ. ಅದರ 33ನೇ ವಿಧಿಯ ಪ್ರಕಾರ ಅವಧಿ ಗೊತ್ತುಮಾಡಿದ್ದರೆ ಅದರೊಳಗಿನ ಯಾವ ದಿನವಾದರೂ ಮಾರುವವರು ತಲುಪಿಸಬಹುದು, ದಿನ ಆರಿಸುವ ಹಕ್ಕು ಕೊಳ್ಳುವವರದು ಎಂದು ಸಂದರ್ಭ ತೋರಿಸದಿದ್ದರೆ. 52ನೇ ವಿಧಿಯ ಪ್ರಕಾರ ಗೊತ್ತಾದ ದಿನಕ್ಕಿಂತ ಮೊದಲೇ ತಂದರೆ ತೆಗೆದುಕೊಳ್ಳುವುದೂ ಬಿಡುವುದೂ ಕೊಳ್ಳುವವರಿಗೆ ಸೇರಿದ್ದು. ಅಂದರೆ ‘ಒಳಗೆ’ ಮತ್ತು ‘ಅವಧಿಯಲ್ಲಿ’ ಅದಲುಬದಲಾದರೆ ಹಕ್ಕೇ ಅದಲುಬದಲು.

ಆರ್ಡರ್ ಬಂದ ಮೇಲೆ ಸರಕು ತಯಾರಾಗಲು ಬೇಕಾಗುವ ‘ಲೀಡ್ ಟೈಮ್’ಗೆ ‘ಮುಂಗಡ ಅವಧಿ’ ಅಂದರೆ ಎಲ್ಲರೂ ದುಡ್ಡು ಕೇಳುತ್ತಾರೆ. ‘ಮುಂಗಾಲ’ ಅಂದರೆ ಪ್ರಾಣಿಯ ಕಾಲು ನೆನಪಾಗುತ್ತದೆ. ‘ಎಷ್ಟು ದಿನ ಹಿಡಿಯುತ್ತೆ?’ ಅಂತ ತಾನೇ ನಾವು ಕೇಳುವುದು? ‘ತಯಾರಿಗೆ ಹಿಡಿಯುವ ಕಾಲ’ ಎಂದು ಬರೆದೆ.

ಈಗ ಎಣಿಕೆಗೆ ಬರುತ್ತೇನೆ, ನಿದ್ದೆ ಕೆಡಿಸಿದ್ದು ಇದೇ. ‘ಆರ್ಡರ್ ಬಂದ ದಿನದಿಂದ 10 ದಿನ’ ಎಂಬ ಮಾತಿದೆ. ಆರ್ಡರ್ 2026ರ ಮಾರ್ಚ್ 2, ಸೋಮವಾರ ಬಂತು ಅಂತಿಟ್ಟುಕೊಳ್ಳಿ. ಆ ದಿನವನ್ನೂ ಸೇರಿಸಿ ಎಣಿಸಿದರೆ 10ನೇ ದಿನ ಮಾರ್ಚ್ 11. ಬಿಟ್ಟು ಎಣಿಸಿದರೆ 12. ಕೆಲಸದ ದಿನ ಮಾತ್ರ, ವಾರಕ್ಕೆ ಆರು ಎಂದರೆ, ಬಂದ ದಿನ ಬಿಟ್ಟು 13. ವಾರಕ್ಕೆ ಐದೇ ದಿನ ಎಂದರೆ 16. ನಡುವೆ ರಜೆ ಬಂದರೆ ಇನ್ನೂ ಆಚೆ. ಮೊದಲ ಲೆಕ್ಕಕ್ಕೂ ಕೊನೆಯದಕ್ಕೂ ಐದು ದಿನ ವ್ಯತ್ಯಾಸ. ಜಗಳಕ್ಕೆ ಅಷ್ಟು ಧಾರಾಳ ಸಾಕು.

ನಮ್ಮ ಭಾಷೆಗೆ ಈ ವಿಷಯದಲ್ಲಿ ತನ್ನದೇ ಅಭ್ಯಾಸ ಇದೆ. ಒಂದು ವಾರ ಬಿಟ್ಟು ಬಾ ಅನ್ನಲು ‘ಎಂಟು ದಿನ ಬಿಟ್ಟು ಬಾ’ ಅನ್ನುತ್ತೇವೆ. ಎರಡು ವಾರಕ್ಕೆ ‘ಹದಿನೈದು ದಿನ’. ಏಳೂ ಅಲ್ಲ, ಹದಿನಾಲ್ಕೂ ಅಲ್ಲ. ಇವತ್ತಿನ ಸೋಮವಾರವನ್ನೂ ಬರುವ ಸೋಮವಾರವನ್ನೂ ಸೇರಿಸಿ ಎಣಿಸಿದರೆ ಎಂಟೇ ತಾನೇ. ಎರಡೂ ತುದಿ ಸೇರಿಸುವ ಎಣಿಕೆ ಇದು. ‘ವಾರೊಪ್ಪತ್ತು’, ‘ತಿಂಗಳೊಪ್ಪತ್ತು’ ಇನ್ನೂ ಸೊಗಸು, ಆದರೆ ಅವು ಲೆಕ್ಕವೇ ಅಲ್ಲ, ಸಮಾಧಾನ. ಈ ಅಭ್ಯಾಸ ಇರುವ ಓದುಗರಿಗೆ ‘ದಿನದಿಂದ’ ಅಂತ ಬರೆದರೆ ಆ ದಿನವನ್ನೂ ಸೇರಿಸುವವರೇ ಜಾಸ್ತಿ ಅಂತ ನನ್ನ ಅನುಮಾನ. ಹಾಗಾಗಿ ‘ಆರ್ಡರ್ ಬಂದ ದಿನವನ್ನು ಬಿಟ್ಟು, ಮರುದಿನವನ್ನು ಒಂದನೇ ದಿನವೆಂದು ಎಣಿಸಿ’ ಅಂತ ಬಿಡಿಸಿಯೇ ಬರೆದಿದ್ದೇನೆ. ಉದ್ದವಾಯಿತು, ಆಗಲಿ.

‘ವಾರ’ವೂ ಸಾಧು ಪದ ಅಲ್ಲ. ‘ಇವತ್ತು ಯಾವ ವಾರ?’ ಎಂದರೆ ಉತ್ತರ ಸೋಮ, ಮಂಗಳ. ‘ಇದು ಎಷ್ಟನೇ ವಾರ?’ ಎಂದರೆ ಬೇರೆಯೇ ಉತ್ತರ. ಕಾರ್ಖಾನೆಗಳು ವಾರಕ್ಕೆ ನಂಬರ್ ಕೊಡುತ್ತವೆ. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಪ್ರಕಾರ ವಾರ ಶುರುವಾಗುವುದು ಸೋಮವಾರ, ವರ್ಷದ ಮೊದಲ ಗುರುವಾರ ಇರುವ ವಾರವೇ 1ನೇ ವಾರ. ಹಾಗಾಗಿ 2026ರ 1ನೇ ವಾರ ಶುರುವಾದದ್ದು 2025ರ ಡಿಸೆಂಬರ್ 29ಕ್ಕೆ. 2026ಕ್ಕೆ 53 ವಾರ. ಕೆಲವು ಸಂಸ್ಥೆಗಳ ಲೆಕ್ಕದಲ್ಲಿ ತಿಂಗಳೂ ವಾರಗಳಿಂದಲೇ ಆದದ್ದು, 4, 4, 5 ಎಂದು ಮೂರು ತಿಂಗಳಿಗೆ 13 ವಾರ. ಅಂಥ ‘ಮಾರ್ಚ್’ ಗೋಡೆಯ ಕ್ಯಾಲೆಂಡರಿನ ಮಾರ್ಚ್ ಅಲ್ಲ. ‘ತಿಂಗಳು’ ಎಂದು ಸುಮ್ನೆ ಬರೆದು ಮುಂದೆ ಹೋಗುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ವಾಕ್ಯ ಸದ್ಯ ಹೀಗಿದೆ:

‘ಬಿಗಿ ಅವಧಿ ಎಂದರೆ, ಪಟ್ಟಿ ಕಳಿಸಿದ ದಿನದ ಮುಂದಿನ ಸೋಮವಾರದಿಂದ ಶುರುವಾಗುವ 4 ಪೂರ್ಣ ವಾರಗಳು. ಈ ವಾರಗಳಿಗೆ ಪಟ್ಟಿಯಲ್ಲಿ ನಮೂದಿಸಿದ ಪ್ರಮಾಣವನ್ನಾಗಲಿ ದಿನಾಂಕವನ್ನಾಗಲಿ ಇಬ್ಬರೂ ಬರಹದಲ್ಲಿ ಒಪ್ಪದ ಹೊರತು ಬದಲಿಸುವಂತಿಲ್ಲ.’

ಬರೆದು ಮುಗಿಸಿ ಖುಷಿಯಾಗಿದ್ದೆ. ಆಮೇಲೆ ‘ಮುಂದಿನ ಸೋಮವಾರ’ ಕಣ್ಣಿಗೆ ಚುಚ್ಚಿತು. ಗುರುವಾರ ಕೂತು ‘ಬರುವ ಸೋಮವಾರ’ ಅಂದರೆ ನಾಲ್ಕು ದಿನಕ್ಕೆ ಬರುವುದು, ಅದರಲ್ಲಿ ಯಾರಿಗೂ ಅನುಮಾನ ಇರಲಾರದು. ‘ಮುಂದಿನ ಸೋಮವಾರ’ ಅಂದರೆ ನಿಮ್ಮ ಕಿವಿಗೆ ಅದೇ ಸೋಮವಾರವೋ, ಅದರಾಚೆಯದೋ? ಪಟ್ಟಿ ಕಳಿಸಿದ್ದೇ ಸೋಮವಾರವಾದರೆ? ಮನೆಯಲ್ಲಿ ಇಬ್ಬರನ್ನು ಕೇಳಿದೆ, ಎರಡು ಉತ್ತರ ಸಿಕ್ಕವು. ‘ಬರುವ’, ‘ಮುಂದಿನ’ ಈ ಎರಡು ಪದಗಳನ್ನು ನೀವು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತೀರಾ, ‘ಅಂಕಣ’ ಮತ್ತು ‘ಬಿಗಿ ಅವಧಿ’ ನಿಮಗೆ ಒಪ್ಪಿಗೆಯಾ, ತಿಳಿಸಿ.